ಕಾರಿನಲ್ಲಿ ರಿವಾಲ್ವರ್ ಎಲ್ಲಿಡಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಆಯುಧ ಪರವಾನಗಿಯ ನವೀಕರಣದ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ. ಪರವಾನಗಿ ಪಡೆದ ರಿವಾಲ್ವರ್ ಅಥವಾ ಪಿಸ್ತೂಲನ್ನು ವಾಹನದಲ್ಲಿ ಒಯ್ಯುವಾಗ ಅದು ಬೇಕೆಂದಾಗ ಕೈಗೆ ಸಿಗಬೇಕು, ಬೇರೆಯವರ ಕೈಗೆ ಸಿಗಬಾರದು. ಇದು ಹೇಗೆ ಸಾಧ್ಯ ಎಂಬುದೇ ಆ ಪ್ರಶ್ನೆ. ಅವುಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಓದುಗರ ಹೆಸರುಗಳನ್ನು ಉದ್ದೇಶಪೂರ್ವಕವಾಗಿಯೇ ಪ್ರಕಟಿಸಿಲ್ಲ, ಏಕೆಂದರೆ ಯಾರ ಮನೆಯಲ್ಲಿ ಆಯುಧವಿದೆ ಎಂಬುದು ಊರಿಗೆಲ್ಲ ತಿಳಿಯಬೇಕಾದ ವಿಷಯವಲ್ಲ.

ಪ್ರಶ್ನೆ: ನಾನು ಭೀಮಸಮುದ್ರದ ಕಡೆಯ ಅಡಿಕೆ ವ್ಯಾಪಾರಿ. .32 ರಿವಾಲ್ವರಿಗೆ ಪರವಾನಗಿ ಇದೆ. ಚನ್ನಗಿರಿ, ಶಿವಮೊಗ್ಗ, ದಾವಣಗೆರೆಗಳ ನಡುವೆ ಓಡಾಟವಿದ್ದು, ಎಷ್ಟೋ ಸಲ ರಾತ್ರಿ ಹಿಂದಿರುಗಬೇಕಾಗುತ್ತದೆ. ಸೊಂಟಕ್ಕೆ ಕಟ್ಟಿಕೊಂಡು ಕುಳಿತರೆ ಸೀಟ್ ಬೆಲ್ಟಿಗೆ ಒತ್ತುತ್ತದೆ ಎಂದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಸ್ಟಿಯರಿಂಗಿನ ಕೆಳಗೆ ಅಯಸ್ಕಾಂತದ ಪಟ್ಟಿಯೊಂದನ್ನು ಹಾಕಿಸಿ ಅದಕ್ಕೆ ಅಂಟಿಸಿದರೆ ತಕ್ಷಣ ಕೈಗೆ ಸಿಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಡ್ಯಾಶ್‌ಬೋರ್ಡಿನ ಡಬ್ಬಿಯೂ ಸರಿಯಲ್ಲ, ಅಯಸ್ಕಾಂತದ ಪಟ್ಟಿ ಅದಕ್ಕಿಂತಲೂ ಕೆಟ್ಟದ್ದು. ನೀವು ಕಾರಿನಲ್ಲಿ ಇರುವಷ್ಟು ಹೊತ್ತೂ ರಿವಾಲ್ವರ್ ಇರಬೇಕಾದ ಜಾಗ ನಿಮ್ಮ ಮೈಮೇಲೆ, ಅದಕ್ಕೆಂದೇ ಹೊಲಿದ ಒರೆಯಲ್ಲಿ, ಅಂದರೆ ಹೋಲ್‌ಸ್ಟರಿನಲ್ಲಿ, ಅಂಗಿಯ ಅಥವಾ ಕೋಟಿನ ಮರೆಯಲ್ಲಿ. ಇದು ನನ್ನ ಅಭಿಪ್ರಾಯ ಮಾತ್ರವಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಯಲ್ಲಿ ಹಿಡಿದು ಹಾರಿಸುವಂಥ ಆಯುಧವನ್ನು ಒಯ್ಯುವವರು ಅದನ್ನು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಾಗಲಿ ಅಂಥದ್ದೇ ಚೀಲದಲ್ಲಾಗಲಿ ಇಟ್ಟಿರಬೇಕು, ಅದು ಪೂರ್ತಿ ಮುಚ್ಚಿರಬೇಕು, ಮತ್ತು ಒಯ್ಯುವವರಿಗೆ ಅದರ ಮೇಲೆ ಪರಿಣಾಮಕಾರಿಯಾದ ಹತೋಟಿ ಇರಬೇಕು. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಓಡುವ ಕಾರಿನ ಸ್ಟಿಯರಿಂಗಿನ ಕೆಳಗೆ ತೂಗುವ ರಿವಾಲ್ವರ್ ಈ ಮೂರರಲ್ಲಿ ಒಂದನ್ನೂ ಪಾಲಿಸುವುದಿಲ್ಲ. ಪರವಾನಗಿಯ ಷರತ್ತನ್ನಾಗಲಿ ನಿಯಮವನ್ನಾಗಲಿ ಮುರಿದರೆ 1959ರ ಆಯುಧ ಕಾಯ್ದೆಯ 30ನೇ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪರವಾನಗಿಯನ್ನು ಅಮಾನತು ಮಾಡುವ ಇಲ್ಲವೇ ರದ್ದು ಮಾಡುವ ಅಧಿಕಾರವು 17ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಗೆ ಪ್ರತ್ಯೇಕವಾಗಿಯೇ ಇದೆ.

ಕಾನೂನನ್ನು ಬದಿಗಿಟ್ಟು ಕಾರಿನ ಒಳಗಿನ ಸ್ಥಿತಿಯನ್ನೇ ನೋಡೋಣ. ಸ್ಟಿಯರಿಂಗಿನ ಕೆಳಭಾಗದಲ್ಲಿ ಅಂಟಿಸಿದ ರಿವಾಲ್ವರಿನ ನಳಿಗೆಯ ಬಾಯಿ ನಿಮ್ಮ ಮೊಣಕಾಲಿನ ಕಡೆಗೋ ತೊಡೆಯ ಕಡೆಗೋ ಇರುತ್ತದೆ. ನಡುವಿನ ಕನ್ಸೋಲಿಗೆ ಅಂಟಿಸಿದರೆ ಪಕ್ಕದಲ್ಲಿ ಕುಳಿತವರ ಕಡೆಗೆ ತಿರುಗುತ್ತದೆ. ಬಂದೂಕಿನ ಬಾಯಿ ಯಾವ ಮನುಷ್ಯನ ಕಡೆಗೂ ತಿರುಗಬಾರದು ಎಂಬುದು ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ. ಆಯುಧವನ್ನು ಹೀಗೆ ಅಂಟಿಸಿದವರು ಆ ಪಾಠವನ್ನು ದಾರಿಯುದ್ದಕ್ಕೂ ಮುರಿಯುತ್ತಾ ಹೋಗುತ್ತಾರೆ. ಅಯಸ್ಕಾಂತವು ಟ್ರಿಗರನ್ನು ಮುಚ್ಚುವುದಿಲ್ಲ. ಕೀಲಿಯ ಗೊಂಚಲಾಗಲಿ ಚಾರ್ಜರಿನ ವೈರಾಗಲಿ ಅದಕ್ಕೆ ಸಿಕ್ಕಿಕೊಳ್ಳಬಹುದು. ಹೊಂಡದಲ್ಲಿ ಚಕ್ರ ಕುಕ್ಕಿದಾಗಲೂ ಜೋರಾಗಿ ಬ್ರೇಕ್ ಒತ್ತಿದಾಗಲೂ ಆಯುಧ ಕಳಚಿ ಪೆಡಲುಗಳ ನಡುವೆ ಬೀಳಬಹುದು. ಈಗಿನ ಕೆಲವು ಕಾರುಗಳಲ್ಲಿ ಅದೇ ಜಾಗದಲ್ಲಿ ಮೊಣಕಾಲಿನ ಏರ್‌ಬ್ಯಾಗ್ ಇರುತ್ತದೆ. ಅಪಘಾತದಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ಉಬ್ಬಿದರೆ ಅಂಟಿಸಿದ ಕಬ್ಬಿಣದ ತುಂಡು ನೇರವಾಗಿ ನಿಮ್ಮ ಹೊಟ್ಟೆಗೆ ಬಂದು ಬಡಿಯಬಹುದು. ಹಳೆಯ ಮಾದರಿಯ ಕೆಲವು ರಿವಾಲ್ವರುಗಳಲ್ಲಿ ಕುದುರೆಯು (ಗುಂಡಿಗೆ ಬಡಿಯುವ ಹ್ಯಾಮರ್) ಗುಂಡಿನ ಹಿಂಭಾಗಕ್ಕೆ ತಾಗಿಕೊಂಡೇ ನಿಂತಿರುವುದರಿಂದ ಕೆಳಗೆ ಬಿದ್ದ ಹೊಡೆತಕ್ಕೇ ಗುಂಡು ಹಾರುವ ಅಪಾಯವಿದೆ ಎಂಬುದನ್ನೂ ಮರೆಯಬಾರದು.

ಸೀಟ್ ಬೆಲ್ಟಿನ ತೊಂದರೆ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಲಗೈಯವರು ಬಲಸೊಂಟದ ಹಿಂಬದಿಗೆ ಕಟ್ಟಿಕೊಂಡರೆ ಸೀಟಿಗೂ ಬಾಗಿಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಹೋಲ್‌ಸ್ಟರನ್ನು ಒಂದೆರಡು ಇಂಚು ಮುಂದಕ್ಕೆ ತಂದು, ಸೊಂಟದ ಮೇಲಿನ ಬೆಲ್ಟಿನ ಪಟ್ಟಿಯನ್ನು ಅದರ ಮೇಲೆ ಹಾಯಿಸದೆ ಕೆಳಗೆ, ತೊಡೆಯ ಸಂದಿಗೆ ಕೂರುವಂತೆ ಸರಿಪಡಿಸಿಕೊಂಡರೆ ಹೆಚ್ಚಿನವರಿಗೆ ಸಮಸ್ಯೆ ತೀರುತ್ತದೆ. ಇದನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿದ ಕಾರಿನಲ್ಲಿ, ಗುಂಡುಗಳನ್ನು ತೆಗೆದು ಮನೆಯೊಳಗೆ ಬಿಟ್ಟು ಬಂದ ಖಾಲಿ ರಿವಾಲ್ವರಿನೊಂದಿಗೆ ಹೊಂದಿಸಿಕೊಳ್ಳಿ. ಆಮೇಲೂ ಕಿರಿಕಿರಿ ಎನಿಸಿದರೆ ಆ ದಿನ ಆಯುಧವನ್ನು ಮನೆಯ ಕಬ್ಬಿಣದ ಕಪಾಟಿನಲ್ಲಿ ಬಿಟ್ಟು ಹೊರಡಿ. ಮೈಮೇಲೆ ಇಟ್ಟುಕೊಳ್ಳಲಾಗದ ಆಯುಧವನ್ನು ಕಾರಿನಲ್ಲಿ ಒಯ್ಯುವುದರಿಂದ ಯಾವ ರಕ್ಷಣೆಯೂ ಇಲ್ಲ.

ಕೈಗೆ ತಕ್ಷಣ ಸಿಗಬೇಕೆಂಬ ಆತುರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರಾತ್ರಿ ಹೊಳಲ್ಕೆರೆ ದಾರಿಯಲ್ಲಿ ಯಾರೋ ಅಡ್ಡಗಟ್ಟಿದರೆ ನಿಮ್ಮನ್ನು ಉಳಿಸುವುದು ಮೊದಲು ನಿಮ್ಮ ಕಾರು, ಆಮೇಲೆ ನಿಮ್ಮ ಫೋನು. ಬಾಗಿಲುಗಳ ಲಾಕ್ ಹಾಕಿರಿ, ಕಿಟಕಿ ಏರಿಸಿರಿ, ಹಿಂದಕ್ಕೋ ಪಕ್ಕಕ್ಕೋ ಗಾಡಿ ತಿರುಗಿಸಿ ಬೆಳಕಿರುವ ಪೆಟ್ರೋಲ್ ಬಂಕಿಗೋ ಟೋಲ್ ಗೇಟಿಗೋ ಹೋಗಿರಿ, 112ಕ್ಕೆ ಕರೆ ಮಾಡಿರಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿವೆ. ಆದರೆ ಪೊಲೀಸರ ನೆರವು ಪಡೆಯಲು ಕಾಲಾವಕಾಶವಿದ್ದಾಗ ಆ ಹಕ್ಕು ಇರುವುದಿಲ್ಲ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಗೆ ಅದು ಅನುಮತಿ ಕೊಡುವುದೂ ಇಲ್ಲ. ತಪ್ಪಿಸಿಕೊಂಡು ಹೋಗುವ ದಾರಿ ಇದ್ದಾಗ ಹೋಗಿಬಿಡುವುದೇ ನ್ಯಾಯಾಲಯದ ಮುಂದೆಯೂ ಮನೆಯವರ ಮುಂದೆಯೂ ಒಳ್ಳೆಯದು. ನಗದಿನ ಚೀಲವೇ ಭಯದ ಮೂಲವಾಗಿದ್ದರೆ ಚೀಲವನ್ನೇ ಕಡಿಮೆ ಮಾಡಿ: ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಹೇಗೂ ನಿಷೇಧಿಸಿದೆ.

ಪ್ರಶ್ನೆ: ನ್ಯಾಯಾಲಯ, ಬ್ಯಾಂಕು, ದೇವಸ್ಥಾನಗಳಿಗೆ ಹೋಗುವಾಗ ಪಿಸ್ತೂಲನ್ನು ಒಳಗೆ ಒಯ್ಯುವಂತಿಲ್ಲ. ಆಗ ಸೀಟಿನ ಕೆಳಗೆ ಇಟ್ಟು, ಕಾರನ್ನು ಚಾಲಕನಿಗೆ ಒಪ್ಪಿಸಿ ಹೋಗುತ್ತೇನೆ. ಚಾಲಕ ಹತ್ತಾರು ವರ್ಷಗಳಿಂದ ನಂಬಿಕಸ್ಥ. ಇದರಲ್ಲಿ ತಪ್ಪಿದೆಯೇ? (ದಾವಣಗೆರೆ, ಪಿ.ಜೆ. ಬಡಾವಣೆ)

ಉತ್ತರ: ಚಾಲಕರ ನಂಬಿಕೆಯ ಬಗ್ಗೆ ಪ್ರಶ್ನೆಯಿಲ್ಲ. ಆದರೆ ಪರವಾನಗಿ ಇರುವುದು ನಿಮ್ಮ ಹೆಸರಿನಲ್ಲಿ, ನೀವು ಇಳಿದುಹೋದ ಕ್ಷಣದಿಂದ ಆಯುಧ ಇರುವುದು ಅವರ ವಶದಲ್ಲಿ. ಪರವಾನಗಿದಾರರ ಸಮ್ಮುಖದಲ್ಲಿ ಅಥವಾ ಅವರ ಲಿಖಿತ ಅಧಿಕಾರದ ಮೇಲೆ ಬೇರೊಬ್ಬರು ಆಯುಧವನ್ನು ಒಯ್ಯಲು ಆಯುಧ ಕಾಯ್ದೆಯ 3ನೇ ಕಲಮಿನಲ್ಲಿ ಅವಕಾಶವಿರುವುದು ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ ಅಥವಾ ಪರವಾನಗಿದಾರರ ಬಳಕೆಗೆ ಮಾತ್ರ. ನೀವು ನ್ಯಾಯಾಲಯದ ಒಳಗಿರುವಾಗ ಅವರು ಕಾಗದವೊಂದೂ ಇಲ್ಲದೆ ಕಾರಿನಲ್ಲಿ ಕಾಯುವುದು ಈ ಅವಕಾಶದೊಳಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಅಧಿಕಾರಿ ತಪಾಸಣೆ ಮಾಡಿದರೆ ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಂಡ ಆರೋಪ ಬರುವುದು ಅವರ ಮೇಲೆ. 2019ರ ತಿದ್ದುಪಡಿಯ ನಂತರ ಆ ಅಪರಾಧಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸವಿದೆ. ನಿಮ್ಮ ಅನುಕೂಲಕ್ಕಾಗಿ ಅವರ ಕುಟುಂಬವನ್ನು ಇಂಥ ಅಪಾಯಕ್ಕೆ ಒಡ್ಡುವುದು ನ್ಯಾಯವಲ್ಲ.

ಹಾಗಾಗಿ ಮೊದಲ ಉತ್ತರ ಇದೇ: ಒಳಗೆ ಒಯ್ಯಲಾಗದ ಜಾಗಕ್ಕೆ ಹೋಗುವ ದಿನ ಪಿಸ್ತೂಲು ಮನೆಯಲ್ಲೇ ಇರಲಿ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ ಕಾಲೇಜುಗಳ ಆವರಣಕ್ಕೆ ಆಯುಧ ಒಯ್ಯಬಾರದೆಂದು ಪರವಾನಗಿಯ ಷರತ್ತಿನಲ್ಲಿಯೇ ಇದೆ. ನಾಯಕನಹಟ್ಟಿಯ ತೇರಿಗೋ ದುಗ್ಗಮ್ಮನ ಜಾತ್ರೆಗೋ ಕುಟುಂಬದೊಂದಿಗೆ ಹೊರಟವರು ಅದನ್ನು ಮೈದಾನದಲ್ಲಿ ನಿಲ್ಲಿಸಿದ ನೂರಾರು ವಾಹನಗಳ ನಡುವೆ ಬಿಟ್ಟು ಬರುವುದಂತೂ ಕೂಡದು.

ಆದರೂ ದಾರಿಯಲ್ಲಿ ಅನಿರೀಕ್ಷಿತವಾಗಿ ಹತ್ತು ನಿಮಿಷ ಇಳಿಯಬೇಕಾದ ಸಂದರ್ಭ ಬರುತ್ತದೆ. ಅದಕ್ಕಾಗಿ ಮಾತ್ರ ಕಾರಿನಲ್ಲಿ ಉಕ್ಕಿನ ಸಣ್ಣ ಪೆಟ್ಟಿಗೆಯೊಂದನ್ನು ಹಾಕಿಸಿಕೊಳ್ಳಬಹುದು. ಗಟ್ಟಿ ತಗಡಿನದಾಗಿರಬೇಕು, ಕೀಲುಗಳು ಒಳಗಡೆ ಇರಬೇಕು, ಪೆಟ್ಟಿಗೆಯ ಒಳಗಿನಿಂದಲೇ ಬೋಲ್ಟ್ ಹಾಕಿ ಕಾರಿನ ತಳಕ್ಕೆ ಬಿಗಿದಿರಬೇಕು. ಕೆಲವು ಪೆಟ್ಟಿಗೆಗಳಿಗೆ ಸೀಟಿನ ಕಾಲಿಗೆ ಸುತ್ತುವ ಉಕ್ಕಿನ ಹಗ್ಗ ಕೊಡುತ್ತಾರೆ. ಸಾಧಾರಣ ಕಟರಿನಿಂದ ಅದನ್ನು ಕ್ಷಣದಲ್ಲಿ ತುಂಡರಿಸಬಹುದಾದ್ದರಿಂದ ಅದನ್ನು ನೆಚ್ಚಬೇಡಿ. ಬೆರಳಚ್ಚಿನ ಬೀಗ ನೋಡಲು ಚೆನ್ನ, ಆದರೆ ಬೆವರಿದ ಬೆರಳಿಗೂ ಸತ್ತ ಬ್ಯಾಟರಿಗೂ ಅದು ತೆರೆಯುವುದಿಲ್ಲ. ಒತ್ತುವ ಗುಂಡಿಗಳಿರುವ ಯಾಂತ್ರಿಕ ನಂಬರ್ ಲಾಕ್ ಹೆಚ್ಚು ವಿಶ್ವಾಸಾರ್ಹ. ಮುಂಬದಿಯ ಸೀಟುಗಳ ಕೆಳಗೆ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟಿನ ವೈರುಗಳು ಹಾದುಹೋಗುವುದರಿಂದ ಅಲ್ಲಿ ತೂತು ಕೊರೆಸುವ ಮೊದಲು ನಿಮ್ಮ ಕಾರಿನ ಮೆಕ್ಯಾನಿಕ್‌ಗೆ ತೋರಿಸಿ. ಡಿಕ್ಕಿ ಪ್ರತ್ಯೇಕವಾಗಿ ಮುಚ್ಚಿರುವ ಕಾರಾದರೆ ಪೆಟ್ಟಿಗೆಗೆ ಅದೇ ಉತ್ತಮ ಜಾಗ.

ಪೆಟ್ಟಿಗೆ ಇದ್ದರೂ ಅದನ್ನು ಬಳಸುವ ರೀತಿ ಮುಖ್ಯ. ಬ್ಯಾಂಕಿನ ಮುಂದೆ ಕಾರು ನಿಲ್ಲಿಸಿ, ಸೊಂಟದಿಂದ ಪಿಸ್ತೂಲು ತೆಗೆದು, ಎಲ್ಲರೂ ನೋಡುವಂತೆ ಡಿಕ್ಕಿಯಲ್ಲಿಟ್ಟು ಹೋದರೆ ಪೆಟ್ಟಿಗೆ ಇದ್ದೂ ಇಲ್ಲದಂತೆ. ಬ್ಯಾಂಕು ಮತ್ತು ಉಪನೋಂದಣಿ ಕಚೇರಿಗಳ ಮುಂದೆ ಹೊಂಚು ಹಾಕಿ, ಗಮನ ಬೇರೆಡೆ ಸೆಳೆದು, ಗಾಜು ಒಡೆದು ಚೀಲ ಎಗರಿಸುವ ತಂಡಗಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅವರ ಕಣ್ಣು ಕಾರಿನ ಮೇಲಲ್ಲ, ಕಾರಿನಿಂದ ಇಳಿಯುವವರ ಕೈಯ ಮೇಲೆ ಇರುತ್ತದೆ. ಇಡುವ ಕೆಲಸವನ್ನು ಇಳಿಯುವ ಸ್ಥಳಕ್ಕೆ ತಲುಪುವ ಮೊದಲೇ, ಜನರಿಲ್ಲದ ಕಡೆ ಮುಗಿಸಿರಿ. ಪಿಸ್ತೂಲನ್ನು ಹೋಲ್‌ಸ್ಟರಿನಿಂದ ಹೊರತೆಗೆಯದೆ, ಹೋಲ್‌ಸ್ಟರಿನ ಸಮೇತ ಪೆಟ್ಟಿಗೆಗೆ ಇಳಿಸಿರಿ. ಆಗ ಟ್ರಿಗರ್ ಮುಚ್ಚಿಯೇ ಇರುತ್ತದೆ. ಕಾರಿನ ಇಕ್ಕಟ್ಟಿನಲ್ಲಿ ಗುಂಡು ತುಂಬುವುದು, ತೆಗೆಯುವುದು, ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದು ನೋಡುವುದು ಬೇಡವೇ ಬೇಡ. ಆಕಸ್ಮಿಕವಾಗಿ ಗುಂಡು ಹಾರುವುದು ಬಹುಪಾಲು ಇಂಥ ಕೈಯಾಟದ ಹೊತ್ತಿನಲ್ಲಿ.

ರಾತ್ರಿಯಿಡೀ ಕಾರಿನಲ್ಲಿ ಬಿಡುವುದಕ್ಕೆ ಯಾವ ಪೆಟ್ಟಿಗೆಯೂ ನೆಪವಾಗಬಾರದು. ಮನೆಗೆ ಬಂದವರು ಕಾರಿನಿಂದ ಚಪ್ಪಲಿ, ನೀರಿನ ಬಾಟಲಿ ಎಲ್ಲವನ್ನೂ ಒಳಗೆ ಒಯ್ದು ಪಿಸ್ತೂಲನ್ನು ಮಾತ್ರ ‘ನಾಳೆ ಬೇಕಲ್ಲ’ ಎಂದು ಬಿಡುವುದನ್ನು ಕೇಳಿದಾಗ ನನಗೆ ನಿಜವಾಗಿ ಆತಂಕವಾಗುತ್ತದೆ. ಬೇಸಿಗೆಯ ಮಾತನ್ನೂ ಸೇರಿಸುತ್ತೇನೆ. ನಮ್ಮ ಬಯಲು ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖ ಹೊರಗಿನದಕ್ಕಿಂತ ಬಹಳ ಹೆಚ್ಚು. ಆ ಬಿಸಿಗೆ ಗುಂಡು ತಾನೇ ಸಿಡಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಅದಕ್ಕೆ ಇನ್ನೂ ಎಷ್ಟೋ ಪಟ್ಟು ಶಾಖ ಬೇಕು. ಆದರೆ ದಿನಗಟ್ಟಲೆ ಹಾಗೆಯೇ ಕಾದರೆ ಒಳಗಿನ ಮದ್ದು ಕೆಡುತ್ತದೆ, ಆಯುಧಕ್ಕೆ ಹಚ್ಚಿದ ಎಣ್ಣೆ ಒಣಗುತ್ತದೆ. ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ತೇವಕ್ಕೆ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ತೋಟಕ್ಕೆ ಹೋಗುವ ಜೀಪಿನಲ್ಲಿ ಪಿಸ್ತೂಲನ್ನು ಸೀಟಿನ ಸಂದಿಯಲ್ಲಿ ಇಟ್ಟಿರುತ್ತಾರೆ. ಭಾನುವಾರ ಮಕ್ಕಳಿಬ್ಬರೂ ಅದೇ ಜೀಪಿನಲ್ಲಿ ಹೋಗುತ್ತಾರೆ. ಸೇಫ್ಟಿ ಹಾಕಿದೆ, ಮಕ್ಕಳಿಗೆ ಎಚ್ಚರಿಕೆ ಹೇಳಿದ್ದೇನೆ ಎನ್ನುತ್ತಾರೆ. ನನ್ನ ಭಯ ಅತಿಯಾಯಿತೇ? (ಹೊಸದುರ್ಗ ತಾಲ್ಲೂಕು)

ಉತ್ತರ: ಸಹೋದರಿ, ನಿಮ್ಮ ಭಯ ಅತಿಯಾದದ್ದಲ್ಲ. ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಿಮ್ಮದೇ ಅತ್ಯಂತ ತುರ್ತಿನದು ಎಂದು ನಾನು ಭಾವಿಸುತ್ತೇನೆ. ಮಗುವಿಗೆ ಹೇಳಿದ ಎಚ್ಚರಿಕೆ ಬೀಗವಾಗುವುದಿಲ್ಲ. ಮುಟ್ಟಬೇಡ ಎಂದ ವಸ್ತುವನ್ನೇ ದೊಡ್ಡವರು ಕಣ್ಣು ತಪ್ಪಿಸಿದಾಗ ಮುಟ್ಟಿ ನೋಡುವುದು ಮಕ್ಕಳ ಸ್ವಭಾವ. ಅದಕ್ಕೆ ಅವರನ್ನು ದೂಷಿಸುವಂತಿಲ್ಲ. ಒಂದು ಬೆರಳಿನಿಂದ ಟ್ರಿಗರ್ ಎಳೆಯುವ ಶಕ್ತಿ ಇಲ್ಲದ ಸಣ್ಣ ಮಗು ಹಿಡಿಯನ್ನು ತಿರುಗಿಸಿ ಹಿಡಿದು ಎರಡೂ ಹೆಬ್ಬೆರಳುಗಳಿಂದ ಒತ್ತುತ್ತದೆ. ಆಗ ನಳಿಗೆಯ ಬಾಯಿ ಅದರ ಮುಖಕ್ಕೇ ಎದುರಾಗಿರುತ್ತದೆ. ಸೇಫ್ಟಿ ಎಂಬುದು ಒಂದು ಸಣ್ಣ ಲೋಹದ ತುಂಡು. ಹೆಬ್ಬೆರಳಿನ ಒಂದು ತಳ್ಳುವಿಕೆಗೆ, ಸೀಟಿನ ಬಟ್ಟೆಯ ಉಜ್ಜುವಿಕೆಗೂ ಅದು ಸರಿದುಹೋಗಬಹುದು.

ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದಿಟ್ಟಿದ್ದೇನೆ, ಆದ್ದರಿಂದ ಅಪಾಯವಿಲ್ಲ ಎಂದು ಅವರು ಹೇಳಬಹುದು. ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಹಿಂಬದಿಯ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು, ಹಲವು ಮಾದರಿಗಳಲ್ಲಿ ಅದು ಹಾರಿಯೂ ಹಾರುತ್ತದೆ. ಯಜಮಾನರೊಂದಿಗೆ ಜಗಳವಾಡದೆ ಎರಡು ವಿಷಯಗಳನ್ನು ಮಾತ್ರ ಕೇಳಿಕೊಳ್ಳಿ: ಮಕ್ಕಳು ವಾಹನದಲ್ಲಿ ಇರುವ ದಿನ ಪಿಸ್ತೂಲು ಅವರ ಸೊಂಟದಲ್ಲಿ ಇರಲಿ, ಇಲ್ಲವೇ ಮನೆಯ ಕಪಾಟಿನಲ್ಲಿ, ಗುಂಡುಗಳು ಬೇರೆ ಬೀಗದಲ್ಲಿ ಇರಲಿ, ಮತ್ತು ಜೀಪಿನ ಸೀಟಿನ ಸಂದಿ, ಬಾಗಿಲಿನ ಜೇಬು, ಸೀಟಿನ ಹಿಂದಿನ ಚೀಲ ಈ ಮೂರರಲ್ಲಿ ಯಾವತ್ತೂ ಬೇಡ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆಯಿದೆ ಎಂದು ಬೇಕಿದ್ದರೆ ಅವರಿಗೆ ಈ ಪುಟವನ್ನೇ ತೋರಿಸಿ. ಆದರೆ ತಂದೆಯಾದವರಿಗೆ ಶಿಕ್ಷೆಯ ಮಾತು ಬೇಕಾಗಲಾರದು. ಅವರಿಗೆ ಮಕ್ಕಳ ಮೇಲೆ ಪ್ರೀತಿ ಕಡಿಮೆಯೆಂದು ನಾನು ಎಣಿಸುವುದಿಲ್ಲ. ದಿನವೂ ಜೊತೆಗಿರುವ ಆಯುಧದ ಬಗ್ಗೆ ಸಲುಗೆ ಬೆಳೆದುಬಿಟ್ಟಿದೆ, ಅಷ್ಟೆ.

ಪ್ರಶ್ನೆ: ಜಗಳೂರು ಕಡೆ ನಮ್ಮ ಹೊಲಕ್ಕೆ ಹೋಗುವಾಗ ರಂಗಯ್ಯನದುರ್ಗದ ಅರಣ್ಯದ ದಾರಿ ಹತ್ತಿರವಾಗುತ್ತದೆ. ಕಾರಿನಲ್ಲಿ ರಿವಾಲ್ವರ್ ಇದ್ದರೆ ತೊಂದರೆಯೇ?

ಉತ್ತರ: ತೊಂದರೆಯೇ. ಅದು ಕೊಂಡುಕುರಿಗಳಿಗಾಗಿ ಘೋಷಿಸಿದ ವನ್ಯಧಾಮ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಪೂರ್ವಾನುಮತಿಯಿಲ್ಲದೆ ಯಾವ ಆಯುಧದೊಂದಿಗೂ ವನ್ಯಧಾಮವನ್ನು ಪ್ರವೇಶಿಸಬಾರದು ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮು ಹೇಳುತ್ತದೆ. ಜಿಲ್ಲಾಧಿಕಾರಿಗಳು ಕೊಟ್ಟ ಪರವಾನಗಿ ಅದಕ್ಕೆ ಬದಲಿಯಾಗುವುದಿಲ್ಲ. ಸುತ್ತಿನ ದಾರಿಯಲ್ಲೇ ಹೋಗಿರಿ.

ಪ್ರಶ್ನೆ: ನಾಕಾಬಂದಿಯಲ್ಲಿ ಪೊಲೀಸರು ಕಾರು ನಿಲ್ಲಿಸಿದರೆ ಆಯುಧವಿದೆ ಎಂದು ನಾನೇ ಹೇಳಬೇಕೇ? (ಹಿರಿಯೂರು)

ಉತ್ತರ: ಹೇಳುವುದೇ ಒಳ್ಳೆಯದು. ಕೈಗಳೆರಡನ್ನೂ ಸ್ಟಿಯರಿಂಗಿನ ಮೇಲಿಟ್ಟು, ‘ನನ್ನ ಬಳಿ ಪರವಾನಗಿ ಇರುವ ರಿವಾಲ್ವರ್ ಇದೆ, ಬಲಸೊಂಟದಲ್ಲಿದೆ, ಪರವಾನಗಿ ಅಂಗಿಯ ಜೇಬಿನಲ್ಲಿದೆ’ ಎಂದು ಶಾಂತವಾಗಿ ಹೇಳಿ ಅವರ ಸೂಚನೆಯಂತೆ ನಡೆದುಕೊಳ್ಳಿ. ತೋರಿಸಲೆಂದು ಆಯುಧಕ್ಕೆ ಕೈ ಹಾಕಬೇಡಿ. ಆಯುಧ ಕಾಯ್ದೆಯ 19ನೇ ಕಲಮಿನಂತೆ ಪರವಾನಗಿ ತೋರಿಸಲು ಕೇಳುವ ಅಧಿಕಾರ ಪೊಲೀಸರಿಗಿದೆ. ತೋರಿಸಲಾಗದಿದ್ದರೆ ಆಯುಧವನ್ನು ವಶಕ್ಕೆ ಪಡೆಯಬಹುದು. ಪರವಾನಗಿ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದು ಅದರಲ್ಲೇ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಪರವಾನಗಿಯೊಂದಿಗೆ ಹಿರಿಯೂರಿನಿಂದ ಹೊರಟು ಆಂಧ್ರದ ಗಡಿ ದಾಟಬೇಡಿ. ಚುನಾವಣೆ ಘೋಷಣೆಯಾದಾಗ ಆಯುಧವನ್ನು ಠಾಣೆಯಲ್ಲಿ ಜಮೆ ಮಾಡುವಂತೆ ಆದೇಶ ಬಂದಿದ್ದರೆ ಅದು ಕಾರಿನಲ್ಲಿ ಇರುವ ಪ್ರಶ್ನೆಯೇ ಇಲ್ಲ.

ಪ್ರಶ್ನೆ: ನನ್ನ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಜನ ಕಾರಿನಲ್ಲಿಯೇ ಪಿಸ್ತೂಲು ಇಟ್ಟುಕೊಳ್ಳುತ್ತಾರಂತೆ. ನಮ್ಮಲ್ಲೂ ಅದೇ ರೀತಿ ಮಾಡಿದರೆ ತಪ್ಪೇನು? (ದಾವಣಗೆರೆ)

ಉತ್ತರ: ಅಲ್ಲಿನ ಕಾನೂನು ಬೇರೆ. ಟೆಕ್ಸಾಸಿನಲ್ಲಿ ಅರ್ಹರಾದವರು ಸ್ವಂತ ಕಾರಿನಲ್ಲಿ ಪಿಸ್ತೂಲನ್ನು ಮರೆಮಾಡಿ ಇಟ್ಟುಕೊಳ್ಳಲು 2007ರಿಂದ ಅವಕಾಶವಿದೆ. ಆಯುಧ ಹೊಂದುವುದೇ ಅಲ್ಲಿ ಸಂವಿಧಾನದ ಹಕ್ಕು. ನಮ್ಮಲ್ಲಿ ಅದು ಷರತ್ತುಗಳೊಂದಿಗೆ ಕೊಟ್ಟ ಅನುಮತಿ. ಆ ಅವಕಾಶದ ಬೆಲೆಯನ್ನೂ ಆ ದೇಶ ತೆರುತ್ತಿದೆ: ಅಲ್ಲಿ ಕಳುವಾಗುವ ಬಂದೂಕುಗಳಲ್ಲಿ ದೊಡ್ಡ ಪಾಲು ನಿಲ್ಲಿಸಿದ ಕಾರುಗಳಿಂದಲೇ ಹೋಗುತ್ತದೆ. ಅದಕ್ಕಾಗಿಯೇ ಕೊಲೊರಾಡೊ ರಾಜ್ಯವು 2024ರಲ್ಲಿ ಕಾನೂನೊಂದನ್ನು ಮಾಡಿ, ಯಾರೂ ಇಲ್ಲದ ವಾಹನದಲ್ಲಿ ಪಿಸ್ತೂಲು ಬಿಡುವುದಾದರೆ ಅದು ಗಟ್ಟಿಯಾದ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಕಣ್ಣಿಗೆ ಬೀಳದಂತೆ ಇರಬೇಕೆಂದು ಕಡ್ಡಾಯ ಮಾಡಿತು; 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಆ ದೇಶದಿಂದ ಕಲಿಯುವುದಾದರೆ ಈ ಪೆಟ್ಟಿಗೆಯನ್ನು ಕಲಿಯೋಣ. ಇನ್ನೊಂದು ಮಾತು, ಇದನ್ನು ದಯವಿಟ್ಟು ಮಗನಿಗೆ ತಲುಪಿಸಿ: ಕೆಲಸದ ವೀಸಾದ ಮೇಲೆ ಅಲ್ಲಿರುವವರು ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದನ್ನು ಆ ದೇಶದ ಕೇಂದ್ರ ಕಾನೂನು ನಿಷೇಧಿಸಿದೆ. ಗೆಳೆಯನ ಪಿಸ್ತೂಲು ತನ್ನ ಕಾರಿನಲ್ಲಿ ಸಿಕ್ಕರೂ ಅವನು ದೊಡ್ಡ ತೊಂದರೆಗೆ ಸಿಲುಕಬಹುದು.

ಪ್ರಶ್ನೆ: ಇಷ್ಟೆಲ್ಲ ಎಚ್ಚರ ವಹಿಸಿದರೂ ಕಾರಿನಿಂದ ಆಯುಧ ಕಳುವಾದರೆ ಏನು ಮಾಡಬೇಕು? (ಚಿತ್ರದುರ್ಗ)

ಉತ್ತರ: ಒಡೆದ ಗಾಜನ್ನಾಗಲಿ ಬಾಗಿಲನ್ನಾಗಲಿ ಮುಟ್ಟದೆ 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೆ ಆ ಕ್ಷಣವೇ ದೂರು ಕೊಡಿ. ಆಯುಧ ಅಥವಾ ಗುಂಡು ಕಳೆದುಹೋದರೆ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕೆಂಬುದು ಪರವಾನಗಿಯ ಷರತ್ತು. ಮಾನಕ್ಕೆ ಅಂಜಿ, ತಾವೇ ಹುಡುಕಿಕೊಳ್ಳಬಹುದೆಂದು ಎರಡು ದಿನ ಕಾಯುವವರಿದ್ದಾರೆ. ಆ ಎರಡು ದಿನದಲ್ಲಿ ಅದರಿಂದ ನಡೆಯುವ ಯಾವ ಕೃತ್ಯವಾದರೂ ಮೊದಲು ನಿಮ್ಮ ಬಾಗಿಲಿಗೇ ಬರುತ್ತದೆ. ಘಟನೆ ಬೇರೆ ಠಾಣೆಯ ವ್ಯಾಪ್ತಿಯದು ಎಂಬ ಕಾರಣಕ್ಕೆ ದೂರು ಸ್ವೀಕರಿಸದೆ ಇರುವಂತಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ದೂರಿನಲ್ಲಿ ಆಯುಧದ ತಯಾರಕರು, ಬೋರು (ನಳಿಗೆಯ ಒಳ ಅಳತೆ), ಮೈಮೇಲೆ ಕೆತ್ತಿರುವ ಸಂಖ್ಯೆ, ಪರವಾನಗಿಯ ವಿಶಿಷ್ಟ ಗುರುತಿನ ಸಂಖ್ಯೆ, ಜೊತೆಯಲ್ಲಿ ಹೋದ ಗುಂಡುಗಳ ಸಂಖ್ಯೆ ಇವೆಲ್ಲ ಇರಲಿ. ಎಫ್‌ಐಆರ್ ಪ್ರತಿಯೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಯ ಆಯುಧ ಶಾಖೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಪರವಾನಗಿ ಮತ್ತು ಖರೀದಿ ರಸೀದಿಯ ನಕಲುಗಳು ಕಾರಿನಲ್ಲಿಯೇ ಇದ್ದರೆ ಆಯುಧದೊಂದಿಗೆ ಅವೂ ಹೋಗಿರುತ್ತವೆ, ಆದ್ದರಿಂದ ಒಂದು ಪ್ರತಿಯನ್ನು ಈಗಲೇ ಮನೆಯ ಕಪಾಟಿನಲ್ಲಿ ಇಟ್ಟು, ಎಲ್ಲಿದೆಯೆಂದು ಮನೆಯವರೊಬ್ಬರಿಗೆ ತಿಳಿಸಿರಿ.